ಐಸ್‌ಲ್ಯಾಂಡಿನ ಹುಲ್ಲುಹೆಂಟೆ ಮನೆಗಳು: ಯಾವುದಕ್ಕೆ ಹೋಗೋಣ?

ಐಸ್‌ಲ್ಯಾಂಡಿಗೆ ಹೊರಟವರು ಯಾರಾದರೂ ಸಿಕ್ಕಿದರೆ ನನ್ನನ್ನು ಕೇಳುವ ಪ್ರಶ್ನೆ ಒಂದೇ. ಆ ಹುಲ್ಲಿನ ಮನೆಗಳಲ್ಲಿ ಯಾವುದು ಚೆನ್ನಾಗಿದೆ? ಫೋಟೋದಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಸಾಲಾಗಿ ನಿಂತ ಮುಕ್ಕೋನೆ ಮರದ ಗೋಡೆಗಳು, ಮೇಲೆ ಹಸಿರು ಸೂರು, ಹಿಂದೆ ಬೆಟ್ಟ. ಒಳಗೆ ಕಾಲಿಟ್ಟ ಮೇಲೆ ಒಂದೊಂದೂ ಬೇರೆ ಬೇರೆ.

ಎರಡು ಸಲ ಹೋಗಿ, ಎಂಟು ಕಡೆ ಸುತ್ತಿದ ಮೇಲೆ ನನಗೆ ಗಟ್ಟಿಯಾಗಿ ಅನಿಸಿದ್ದು ಇಷ್ಟು: ಒಂದು ದೊಡ್ಡ ಮನೆ, ಒಂದು ಚಿಕ್ಕ ಮನೆ, ಹೀಗೆ ಜೋಡಿಯಾಗಿ ನೋಡಿ. ಉಳಿದುಕೊಂಡಿರುವ ದೊಡ್ಡ ಮನೆಗಳಲ್ಲಿ ಹೆಚ್ಚಿನವು ಪಾದ್ರಿಗಳ, ಉಳ್ಳವರ ಮನೆಗಳು. ಬಡವರ ಮನೆಗಳು ಮಳೆಗೆ ಕುಸಿದು ಮತ್ತೆ ನೆಲವೇ ಆಗಿಹೋದವು. ದೊಡ್ಡದನ್ನು ಮಾತ್ರ ನೋಡಿ ಬಂದರೆ ಆ ಹಳ್ಳಿಯವರ ಬದುಕಿನ ಅರ್ಧ ಮಾತ್ರ ಕಂಡ ಹಾಗೆ.

ಹುಲ್ಲಿನ ಮನೆ ಅಂದಾಗ ನಮ್ಮ ಕಣ್ಣ ಮುಂದೆ ಗರಿ, ಹುಲ್ಲು ಹೊದೆಸಿದ ಗುಡಿಸಲು ಬರುತ್ತದೆ. ಇಲ್ಲಿಯದು ಬೇರೆ. ಜೌಗು ನೆಲದಿಂದ ಹುಲ್ಲು, ಬೇರು, ಮಣ್ಣು ಮೂರೂ ಹೆಣೆದುಕೊಂಡಿರುವ ಹೆಂಟೆಗಳನ್ನು ಕತ್ತರಿಸಿ ತೆಗೆಯುತ್ತಿದ್ದರು. ಅದನ್ನು ಇಟ್ಟಿಗೆಯ ಹಾಗೆ ಪೇರಿಸಿ, ಒಂದು ಮೀಟರಿಗೂ ದಪ್ಪದ ಗೋಡೆ ಎಬ್ಬಿಸುತ್ತಿದ್ದರು. ಒಳಗೆ ಮರದ ಕಂಬ, ತೊಲೆ, ಜಂತಿ. ಸೂರಿನ ಮೇಲೆ ಮತ್ತೆ ಹುಲ್ಲಿನ ಹೊದಿಕೆ. ಮರಕ್ಕೆ ಅಲ್ಲಿ ಭಾರೀ ಬರ. ಮೊದಲು ಬಂದು ನೆಲೆಸಿದವರು ಇದ್ದ ಬರ್ಚ್ ಕಾಡನ್ನು ಕಡಿದು ಮುಗಿಸಿದ್ದರು. ಆಮೇಲೆ ಸಮುದ್ರದಲ್ಲಿ ತೇಲಿ ಬಂದ ದಿಮ್ಮಿಯೇ ಆಸರೆ, ಇಲ್ಲವೇ ಹಡಗಿನಲ್ಲಿ ತರಿಸಿದ್ದು. ಹಾಗಾಗಿ ಮರ ಎಷ್ಟು ಜಾಸ್ತಿ ಕಾಣುತ್ತದೋ ಆ ಮನೆಯವರು ಅಷ್ಟು ಅನುಕೂಲಸ್ಥರು ಅಂತ ತಿಳಿಯಬಹುದು. ಈ ಒಂದು ಗುರುತು ಇಟ್ಟುಕೊಂಡು ಹೋದರೆ ಪ್ರತಿ ಮನೆಯೂ ತಾನಾಗಿ ಮಾತಾಡುತ್ತದೆ.

ಸೂರಿನ ಇಳಿಜಾರನ್ನೂ ಗಮನಿಸಿ. ಇಳಿಜಾರು ಕಡಿಮೆಯಾದರೆ ನೀರು ಒಳಗೆ ಸೋರುತ್ತದೆ. ಕಡಿದಾದರೆ ನೀರು ನಿಲ್ಲದೆ ಹುಲ್ಲು ಒಣಗಿ ಬಿರುಕು ಬಿಡುತ್ತದೆ, ಮುಂದಿನ ಮಳೆಗೆ ಅಲ್ಲಿಂದಲೇ ಸೋರುತ್ತದೆ. ಗೋಡೆಯನ್ನೂ ಕೆಲವು ದಶಕಕ್ಕೊಮ್ಮೆ ಹೊಸದಾಗಿ ಕಟ್ಟಲೇಬೇಕು. ಆದ್ದರಿಂದ ಈ ಮನೆಗಳಿಗೆ ಒಂದೇ ವಯಸ್ಸು ಅಂತಿರುವುದಿಲ್ಲ. ಅಡುಗೆಮನೆ ಅಜ್ಜನ ಅಜ್ಜನ ಕಾಲದ್ದು, ಮಲಗುವ ಕೋಣೆ ಮೊಮ್ಮಗನ ಕಾಲದ್ದು, ಹಾಗೆ.

ಗ್ಲೌಮ್‌ಬೈರ್: ಒಂದೇ ನೋಡುವವರಿಗೆ

ಉತ್ತರದ ಸ್ಕಾಗಾಫ್ಯೋರ್ದುರ್ ಕಣಿವೆಯಲ್ಲಿದೆ. ದೇಶವನ್ನು ಸುತ್ತುವ ಒಂದನೇ ನಂಬರ್ ರಸ್ತೆಯಲ್ಲಿ ವರ್ಮಾಹ್ಲೀದ್ ಎಂಬ ಊರು ಬರುತ್ತದೆ. ಅಲ್ಲಿಂದ ಒಳಗೆ ಹತ್ತು ಕಿ.ಮೀ. ಕೂಡ ಇಲ್ಲ. ಒಂದೇ ಮನೆಗೆ ಸಮಯ ಇರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಇದನ್ನೇ.

ಇದು ಪಾದ್ರಿಗಳಿದ್ದ ಮನೆ, ಒಟ್ಟು 13 ಕಟ್ಟಡಗಳಿವೆ. 18ನೇ ಶತಮಾನದ ನಡುವಿನಿಂದ 1879ರವರೆಗೆ ಬೇರೆ ಬೇರೆ ಕಾಲದಲ್ಲಿ ಕಟ್ಟಿದವು. ಹೊರಗಿನಿಂದ ಸಾಲುಮನೆ ಥರ ಕಾಣುತ್ತದೆ. ಬಾಗಿಲು ತೆಗೆದು ಒಳಗೆ ಹೋದರೆ ಸುಮಾರು 20 ಮೀಟರ್ ಉದ್ದದ ಕತ್ತಲ ಓಣಿ. ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು, ಉಗ್ರಾಣ, ಅಡುಗೆಮನೆ, ಅತಿಥಿಗಳ ಕೋಣೆ. ಓಣಿಯ ಕೊನೆಯಲ್ಲಿ ಮಲಗುವ ಕೋಣೆ. ಹೊರಗಿನ ಚಳಿ ಒಳಗಿನ ತುದಿಯವರೆಗೆ ಬರಬಾರದು ಅಂತಲೇ ಓಣಿ ಅಷ್ಟು ಉದ್ದ, ನಡುವೆ ಮತ್ತೆ ಬಾಗಿಲುಗಳು. ಬೇಸಿಗೆಯ ನಡುಹಗಲಲ್ಲೂ ಒಳಗೆ ತಣ್ಣಗೆ, ಮಣ್ಣಿನ ವಾಸನೆ. ಬಾಗಿಲು ಹಾಕಿಕೊಂಡರೆ ಹೊರಗಿನ ಗಾಳಿಯ ಸದ್ದು ಪೂರ್ತಿ ನಿಂತುಹೋಗುತ್ತದೆ. ಆ ಮೌನವನ್ನು ಎರಡು ನಿಮಿಷ ಸುಮ್ನೆ ನಿಂತು ಕೇಳಿ.

ಅಡುಗೆಮನೆ ಸುಮಾರು 1760ರದ್ದು. ಹಾಸುಗಲ್ಲಿನ ಒಲೆ, ಮೇಲೆ ಹೊಗೆ ಹೋಗಲು ಕಿಂಡಿ. ಸೌದೆ ಇಲ್ಲದ ನಾಡಿನಲ್ಲಿ ಒಣಗಿಸಿದ ಕುರಿಗೊಬ್ಬರವೇ ಉರುವಲು. ಜೊತೆಗೆ ಬಂದಿದ್ದ ಅಮ್ಮ ಅದನ್ನು ನೋಡಿ "ಇದು ನಮ್ಮ ಕುಳ್ಳೇ ಅಲ್ವಾ" ಅಂದರು. ಅವರ ಮುಖದಲ್ಲಿ ಪರದೇಶದ ಭಾವ ಹೋಗಿದ್ದು ಆ ಕ್ಷಣದಲ್ಲಿ. ಅದೇ ಹೊಗೆಯಲ್ಲಿ ಮಾಂಸವನ್ನೂ ತೂಗುಹಾಕಿ ಒಣಗಿಸುತ್ತಿದ್ದರು.

ಮಲಗುವ ಕೋಣೆಗೆ ಅವರು ಬಾದ್‌ಸ್ತೋವಾ ಅನ್ನುತ್ತಾರೆ. ಆ ಪದದ ಅರ್ಥ ಸ್ನಾನದ ಕೋಣೆ ಅಂತ. ಹಿಂದೆ ಬಿಸಿ ಹಬೆಯ ಸ್ನಾನಕ್ಕೆ ಇದ್ದ ಕೋಣೆ ಅದು. ಉರುವಲು ಕಡಿಮೆಯಾಗುತ್ತಾ ಬಂದ ಹಾಗೆ ಮನೆಮಂದಿಯೆಲ್ಲ ಬೆಚ್ಚಗಿರುವ ಆ ಒಂದು ಕೋಣೆಗೇ ಬಂದು ಸೇರಿಕೊಂಡರು. ಹೆಸರು ಮಾತ್ರ ಹಾಗೇ ಉಳಿಯಿತು. ಮಲೆನಾಡಿನ ಮಳೆಗಾಲದಲ್ಲಿ ಬಚ್ಚಲ ಒಲೆ ಮುಂದೆ ಕೂತು ಬೆಳೆದವರಿಗೆ ಇದು ಬಿಡಿಸಿ ಹೇಳದೆ ಅರ್ಥವಾಗುತ್ತದೆ. ಆಮೇಲಿನ ಕಾಲದಲ್ಲಿ ಅಲ್ಲಿ ಬೆಂಕಿಯೂ ಇರಲಿಲ್ಲ. ಜನರ ಮೈಯ ಶಾಖವೇ ಶಾಖ.

ಗ್ಲೌಮ್‌ಬೈರ್‌ನ ಈ ಕೋಣೆ 1876ರದ್ದು. 11 ಮಂಚ, 22 ಜನ. ಒಂದು ಮಂಚಕ್ಕೆ ಇಬ್ಬರು. ಮಲಗುವುದು, ಉಣ್ಣುವುದು, ಉಣ್ಣೆ ನೂಲುವುದು, ಹೆರಿಗೆ, ಸಾವು ಎಲ್ಲವೂ ಅದೇ ಮಂಚಗಳ ಮೇಲೆ. ಮಂಚದ ಅಂಚಿಗೆ ನಿಲ್ಲಿಸುವ ಕೆತ್ತನೆಯ ಹಲಗೆಯನ್ನು ತಪ್ಪದೆ ನೋಡಿ. ರಾತ್ರಿ ಹಾಸಿಗೆ ಜಾರದ ಹಾಗೆ ತಡೆಯುತ್ತದೆ, ಹಗಲು ತೊಡೆಯ ಮೇಲಿಟ್ಟುಕೊಂಡರೆ ಮೇಜು. ಪಕ್ಕದಲ್ಲಿ ಮುಚ್ಚಳವಿರುವ ಮರದ ಬಟ್ಟಲು, ಅಸ್ಕುರ್ ಅಂತ ಅದರ ಹೆಸರು. ಪ್ರತಿಯೊಬ್ಬರಿಗೂ ಅವರವರದ್ದು. ಚಳಿಗಾಲದ ಸಂಜೆ ಎಲ್ಲರೂ ಕೈಯಲ್ಲಿ ಉಣ್ಣೆ ಕೆಲಸ ಹಿಡಿದು ಕೂರುತ್ತಿದ್ದರು. ಒಬ್ಬರು ದೀಪದ ಬಳಿ ಕೂತು ಹಳೆಯ ಕಥೆಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಆ ಸಂಜೆಯ ಕೂಟಕ್ಕೆ ಕ್ವೋಲ್ದ್‌ವಾಕಾ ಎಂದು ಹೆಸರು. ಅಲ್ಲಿನ ಹಳ್ಳಿಗರಿಗೆ ಓದು, ಕಥೆ ಎರಡೂ ಕೈಬಿಡದೆ ಉಳಿದದ್ದು ಇಂಥ ಕೋಣೆಗಳಲ್ಲಿ.

ಹೊರಗೆ ಬಂದ ಮೇಲೆ ಗೋಡೆಯ ಹತ್ತಿರ ಹೋಗಿ ನೋಡಿ. ಈ ಕಣಿವೆಯಲ್ಲಿ ಕಟ್ಟಲು ತಕ್ಕ ಕಲ್ಲು ಸಿಗುವುದು ಕಷ್ಟ, ಹೆಂಟೆ ಮಾತ್ರ ಬಹಳ ಒಳ್ಳೆಯದು. ಹಾಗಾಗಿ ಗೋಡೆಯಲ್ಲಿ ಕಲ್ಲು ತೀರಾ ಕಮ್ಮಿ. ಓರೆಯಾಗಿ ಕತ್ತರಿಸಿದ ಹೆಂಟೆಗಳನ್ನು ಒಂದು ಸಾಲು ಎಡಕ್ಕೆ, ಒಂದು ಸಾಲು ಬಲಕ್ಕೆ ವಾಲಿಸಿ ಜೋಡಿಸಿದ್ದಾರೆ. ಮೀನಿನ ಮುಳ್ಳಿನ ಹಾಗೆ ಕಾಣುತ್ತದೆ. ಈ ಜೋಡಣೆ ಇಷ್ಟು ಸ್ಪಷ್ಟವಾಗಿ ನನಗೆ ಬೇರೆಲ್ಲೂ ಕಾಣಲಿಲ್ಲ.

1938ರಲ್ಲಿ ಮಾರ್ಕ್ ವಾಟ್ಸನ್ ಎಂಬ ಇಂಗ್ಲಿಷ್ ಪ್ರವಾಸಿ ಈ ಮನೆ ಉಳಿಯಲಿ ಅಂತ 200 ಪೌಂಡ್ ಕೊಟ್ಟರು. 1947ರವರೆಗೆ ಇಲ್ಲಿ ಜನ ವಾಸವಿದ್ದರು, 1952ರಲ್ಲಿ ಮ್ಯೂಸಿಯಂ ಆಯಿತು. ಪಕ್ಕದ ಚರ್ಚಿನ ಅಂಗಳದಲ್ಲಿ ಮಗುವನ್ನು ಹೆಗಲ ಮೇಲೆ ನಿಲ್ಲಿಸಿಕೊಂಡ ತಾಯಿಯ ಪ್ರತಿಮೆ ಇದೆ. ಆಕೆ ಗುದ್ರೀದುರ್. ಸಾವಿರ ವರ್ಷದ ಹಿಂದೆ ಅಮೆರಿಕದ ದಡಕ್ಕೆ ಹೋಗಿ, ಅಲ್ಲಿ ಸ್ನೋರಿ ಎಂಬ ಮಗನನ್ನು ಹೆತ್ತು, ವಾಪಸ್ ಬಂದು ಈ ಗ್ಲೌಮ್‌ಬೈರ್‌ನಲ್ಲೇ ನೆಲೆಸಿದಳು ಎಂದು ಹಳೆಯ ಕಥೆಗಳು ಹೇಳುತ್ತವೆ.

ಸಮಯವಿದ್ದರೆ ವರ್ಮಾಹ್ಲೀದ್ ಪಕ್ಕದ ವೀದಿಮೀರಿ ಚರ್ಚಿಗೂ ಹೋಗಿ. 1834ರ ಹುಲ್ಲುಹೆಂಟೆ ಚರ್ಚು, ನಮ್ಮ ಊರಿನ ಸಣ್ಣ ಗುಡಿಯಷ್ಟೇ ಇದೆ.

ಲೌಫೌಸ್: ಚೆಂದಕ್ಕೆ

ಅಕುರೇರಿ ಪಟ್ಟಣದಿಂದ ಸುಮಾರು 30 ಕಿ.ಮೀ., ಸಮುದ್ರದ ತೋಳಿನ ಪೂರ್ವ ದಡದಲ್ಲಿದೆ. ಕಣ್ಣಿಗೆ ಹೆಚ್ಚು ಚೆಂದ ಯಾವುದು ಅಂದರೆ ಇದೇ. ಬಿಳಿ ಬಣ್ಣದ ಮುಕ್ಕೋನೆಗಳು, ಪಕ್ಕದಲ್ಲಿ 1865ರ ಪುಟ್ಟ ಚರ್ಚು, ಕೆಳಗೆ ನೀರು. ಈಗ ಕಾಣುವ ಮನೆಯ ಬಹುಭಾಗ 1866ರಿಂದ 1870ರ ಒಳಗೆ ಕಟ್ಟಿದ್ದು. ಅಂದರೆ ಗ್ಲೌಮ್‌ಬೈರ್‌ನ ಹಾಗೆ ಕಾಲದ ಪದರಗಳು ಇಲ್ಲಿ ಅಷ್ಟಾಗಿ ಸಿಗುವುದಿಲ್ಲ. ಒಬ್ಬ ಅನುಕೂಲಸ್ಥ ಪಾದ್ರಿ ಯೋಚಿಸಿ ಕಟ್ಟಿಸಿದ ಮನೆ.

ಇಲ್ಲಿನ ಜಮೀನಿಗೆ ಒಳ್ಳೆಯ ಆದಾಯವಿತ್ತು. ಈಡರ್ ಬಾತುಕೋಳಿ ಗೂಡಿಗೆ ಹಾಸುವ ಮೆತ್ತನೆಯ ತುಪ್ಪಳವನ್ನು ಸಂಗ್ರಹಿಸಿ ಮಾರುತ್ತಿದ್ದರು. ಒಳಗೆ ಮದುಮಗಳು ಮದುವೆಗೆ ಸಿಂಗರಿಸಿಕೊಳ್ಳುವ ಕೋಣೆಯೇ ಬೇರೆ ಇದೆ. ಮರದ ಹಲಗೆ ಹೊದಿಸಿದ ಆ ಕೋಣೆಯಲ್ಲಿ ನಿಂತಾಗ, ಆ ಕಾಲಕ್ಕೆ ಇಷ್ಟು ಮರ ಹಾಕುವುದು ಅಂದರೆ ಏನು ಅನ್ನುವುದು ಹೊಳೆಯಿತು. 1936ರವರೆಗೆ ಇಲ್ಲಿ ವಾಸವಿತ್ತು.

ಗ್ಲೌಮ್‌ಬೈರ್, ಲೌಫೌಸ್ ಎರಡೂ ನೋಡಬೇಕಾ? ಉತ್ತರದಲ್ಲಿ ಎರಡು ದಿನ ಇದ್ದರೆ ನೋಡಿ. ಒಂದೇ ದಿನ ಇದ್ದರೆ ಗ್ಲೌಮ್‌ಬೈರ್ ಸಾಕು. ಆದರೆ ಅಕುರೇರಿಯಲ್ಲೇ ತಂಗಿದ್ದೀರಿ, ಮಕ್ಕಳು ಕಾರಿನಲ್ಲಿ ಕೂತು ಸುಸ್ತಾಗಿದ್ದಾರೆ ಅಂದರೆ ಹತ್ತಿರದ ಲೌಫೌಸ್‌ಗೇ ಹೋಗಿ, ನಷ್ಟವೇನಿಲ್ಲ. ಹೂಸಾವಿಕ್‌ಗೆ ತಿಮಿಂಗಿಲ ನೋಡಲು ಹೋಗುವವರಿಗೆ ದಾರಿಯಲ್ಲಿ ಗ್ರೆನ್ಯಾದರ್‌ಸ್ತಾದುರ್ ಎಂಬ ಇನ್ನೊಂದು ದೊಡ್ಡ ಪಾದ್ರಿ ಮನೆ ಸಿಗುತ್ತದೆ. ಅಲ್ಲಿ ಗೋಡೆಗೆ ಲಾವಾ ಕಲ್ಲನ್ನು ಜಾಸ್ತಿ ಬಳಸಿದ್ದಾರೆ. ಗ್ಲೌಮ್‌ಬೈರ್‌ನ ಗೋಡೆ ನೋಡಿದವರಿಗೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ.

ದಕ್ಷಿಣದ ದಾರಿಯಲ್ಲಿ ಸ್ಕೋಗರ್, ಕೆಲ್ದುರ್

ನಮ್ಮ ಪ್ರವಾಸಿಗಳಲ್ಲಿ ಹೆಚ್ಚಿನವರು ನಾಲ್ಕೈದು ದಿನಕ್ಕೆ ಹೋಗಿ ದಕ್ಷಿಣದ ಕರಾವಳಿ ಮಾತ್ರ ನೋಡುತ್ತಾರೆ. ಅವರಿಗೆ ಸ್ಕೋಗರ್ ಹೇಳಿ ಮಾಡಿಸಿದ ಜಾಗ. ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 150 ಕಿ.ಮೀ. 60 ಮೀಟರ್ ಎತ್ತರದ ಸ್ಕೋಗಾಫೋಸ್ ಜಲಪಾತ ನೋಡಲು ಹೇಗೂ ಹೋಗಿಯೇ ಹೋಗುತ್ತೀರಿ. ಮ್ಯೂಸಿಯಂ ಅಲ್ಲಿಂದ ಕೂಗಳತೆಯಲ್ಲಿದೆ. ಹೆಚ್ಚಿನವರು ಜಲಪಾತದಲ್ಲಿ ನೆನೆದು, ಫೋಟೋ ತೆಗೆದು, ಮ್ಯೂಸಿಯಂ ಪಕ್ಕದಲ್ಲೇ ಹಾದು ಹೋಗಿಬಿಡುತ್ತಾರೆ. ನಾನೂ ಮೊದಲ ಸಲ ಒಂದು ಟೂರ್ ಬಸ್ಸಿನಲ್ಲಿ ಹೋಗಿದ್ದೆ. ಜಲಪಾತಕ್ಕೆ 40 ನಿಮಿಷ ಕೊಟ್ಟರು, ಮ್ಯೂಸಿಯಂಗೆ ಸಮಯವಿಲ್ಲ ಅಂದುಬಿಟ್ಟರು. ಎರಡನೇ ಸಲ ಅದಕ್ಕಾಗಿಯೇ ಕಾರು ಬಾಡಿಗೆಗೆ ಪಡೆದೆ.

ಇಲ್ಲಿನ ಮನೆಗಳು ಇದ್ದಲ್ಲೇ ಉಳಿದವಲ್ಲ. ಸುತ್ತಲಿನ ಹಳ್ಳಿಗಳಿಂದ ಬಿಚ್ಚಿ ತಂದು ಮತ್ತೆ ಕಟ್ಟಿದವು. ಅದು ಕೊರತೆ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ತಂದಿದ್ದರಿಂದಲೇ ಸಾಧಾರಣ ರೈತರ ಚಿಕ್ಕ ಮನೆಗಳು ಉಳಿದವು. ದನದ ಕೊಟ್ಟಿಗೆಯ ಮೇಲೆಯೇ ಕಟ್ಟಿದ ಮಲಗುವ ಕೋಣೆಯನ್ನು ಇಲ್ಲಿ ನೋಡಬಹುದು. ಕೆಳಗೆ ಹಸುಗಳು, ಅವುಗಳ ಮೈ ಬಿಸಿ ಮೇಲಕ್ಕೆ. ತಲೆ ಬಗ್ಗಿಸಿಕೊಂಡೇ ನಿಲ್ಲಬೇಕು. ಗ್ಲೌಮ್‌ಬೈರ್‌ನ ಉದ್ದ ಕೋಣೆ ಇದರ ಮುಂದೆ ಅರಮನೆಯ ಹಾಗೆ.

ಇದೆಲ್ಲ ಥೋರ್ದುರ್ ತೋಮಾಸ್ಸೋನ್ ಎಂಬ ಒಬ್ಬ ಮನುಷ್ಯನ ಬದುಕಿನ ಕೆಲಸ. ಹುಡುಗನಾಗಿದ್ದಾಗಲೇ ಮನೆ ಮನೆಯಿಂದ ಹಳೆಯ ವಸ್ತು ಕೂಡಿಡಲು ಶುರುಮಾಡಿದವರು. 1949ರಲ್ಲಿ ಮ್ಯೂಸಿಯಂ ತೆರೆಯಿತು. 2013ರವರೆಗೆ, ತೊಂಬತ್ತು ದಾಟಿದ ಮೇಲೂ, ಅವರೇ ನೋಡಿಕೊಂಡರು. 2022ರಲ್ಲಿ ನೂರು ವರ್ಷ ತುಂಬಿದ ಮೇಲೆ ತೀರಿಕೊಂಡರು. ಒಳಗಿನ ಕಟ್ಟಡದಲ್ಲಿ ಪೇತುರ್ಸೇ ಎಂಬ ಹುಟ್ಟುದೋಣಿ ಇದೆ. 1855ರಲ್ಲಿ ಕಟ್ಟಿದ್ದು, 1946ರವರೆಗೆ ಬಳಕೆಯಲ್ಲಿತ್ತು. ಬಂದರೇ ಇಲ್ಲದ ಕರಾವಳಿಯಲ್ಲಿ ಅಲೆಗಳ ನಡುವೆಯೇ ದೋಣಿ ಇಳಿಸಿ ಮೀನಿಗೆ ಹೋಗುತ್ತಿದ್ದ ರೈತರ ಧೈರ್ಯ ಆ ಮರದ ಸವೆತದಲ್ಲಿ ಕಾಣುತ್ತದೆ. ಎರಡು ಗಂಟೆಯಾದರೂ ಇಟ್ಟುಕೊಳ್ಳಿ.

ಕೆಲ್ದುರ್ ಇದಕ್ಕೆ ತದ್ವಿರುದ್ಧ. ಹೆಲ್ಲಾ ಊರಿನಿಂದ ಒಳದಾರಿ ಹಿಡಿದು, ಹೆಕ್ಲಾ ಜ್ವಾಲಾಮುಖಿಯ ಕಡೆಗೆ ಹೋಗಬೇಕು. ಬಸ್ಸಿಲ್ಲ, ಗದ್ದಲವಿಲ್ಲ. ಹೆಸರಿನ ಅರ್ಥ ಒರತೆಗಳು, ಮನೆಯ ಬುಡದಲ್ಲೇ ನೀರು ಜಿನುಗುತ್ತದೆ. ಹಳೆಯ ಕಥೆಗಳಲ್ಲಿ ಬರುವ ಊರು ಇದು. ದೇಶದ ಬಹಳ ದೊಡ್ಡ ನಾಯಕನಾಗಿದ್ದ ಯೋನ್ ಲೋಫ್ಟ್‌ಸೋನ್ ಇಲ್ಲೇ ನೆಲೆಸಿ 1197ರಲ್ಲಿ ತೀರಿಕೊಂಡ. 1932ರಲ್ಲಿ ನೆಲ ಅಗೆಯುವಾಗ ಮನೆಯಿಂದ ಹೊರಗೆ ಹೋಗುವ ಒಂದು ಸುರಂಗ ಸಿಕ್ಕಿತು. ಕಾದಾಟದ ಕಾಲದಲ್ಲಿ ತಪ್ಪಿಸಿಕೊಳ್ಳಲು ತೋಡಿದ್ದು ಇರಬೇಕು ಅನ್ನುತ್ತಾರೆ. ಇಲ್ಲಿ ಮಾತಾಡುವುದು ವಸ್ತುಗಳಿಗಿಂತ ಕಟ್ಟಡವೇ. ಕಡಿಮೆ ಸಾಮಾನು, ಹೆಚ್ಚು ಕತ್ತಲು. ವಯಸ್ಸು, ಇತಿಹಾಸ ಅಂದರೆ ಮನಸ್ಸು ಅರಳುವವರಿಗೆ ಇದು ಎಲ್ಲಕ್ಕಿಂತ ಮೇಲು. ಮಕ್ಕಳಿದ್ದರೆ ಸ್ಕೋಗರ್ ವಾಸಿ.

ಪೂರ್ವದ ಎರಡು

ವೋಪ್ನಾಫ್ಯೋರ್ದುರ್ ಬಳಿಯ ಬುಸ್ತಾರ್‌ಫೆಲ್ ದೂರ, ಮುಖ್ಯ ರಸ್ತೆ ಬಿಟ್ಟು ಹೋಗಬೇಕು. ಕೆಂಪು ಮುಕ್ಕೋನೆಗಳ ಈ ಮನೆ 1532ರಿಂದ ಒಂದೇ ಮನೆತನದ್ದು. 1943ರಲ್ಲಿ ಮನೆಯನ್ನು ಸರ್ಕಾರಕ್ಕೆ ಮಾರಿದರೂ 1966ರವರೆಗೆ ಅದರಲ್ಲೇ ಬಾಳಿದರು. ಹಾಗಾಗಿ ಇಲ್ಲಿ ಹಳೆಯ ಒಲೆಯೂ ಇದೆ, ಇಪ್ಪತ್ತನೇ ಶತಮಾನದ ಅಡುಗೆಮನೆಯೂ ಇದೆ. ಒಂದೇ ಮನೆ ಕಾಲಕ್ಕೆ ತಕ್ಕಂತೆ ಹೇಗೆ ಬದಲಾಯಿತು ಅನ್ನುವುದನ್ನು ಇಷ್ಟು ಸಲೀಸಾಗಿ ತೋರಿಸುವ ಜಾಗ ಇನ್ನೊಂದಿಲ್ಲ. ಪೂರ್ವಕ್ಕೆ ಹೋಗುವವರು ಅರ್ಧ ದಿನ ಇದಕ್ಕೆ ಕೊಡಿ.

ಇನ್ನೊಂದು ಸೈನೌತಾಸೆಲ್. ನನ್ನ ಮನಸ್ಸಿನಲ್ಲಿ ಉಳಿದದ್ದು ಇದೇ. ಎತ್ತರದ ಬೋಳು ಬಯಲು, ಒಂದು ಕೆರೆ, ದಡದಲ್ಲಿ ಒಂದೇ ಒಂದು ಪುಟ್ಟ ಹೆಂಟೆ ಮನೆ. ಜಲ್ಲಿ ರಸ್ತೆಯಲ್ಲಿ ಹೋಗಬೇಕು. ತಗ್ಗಿನಲ್ಲಿ ಜಮೀನು ಸಿಗದ ಬಡವರು 19ನೇ ಶತಮಾನದಲ್ಲಿ ಈ ಬಯಲಿಗೆ ಹತ್ತಿ ಬಂದರು. ಈ ಮನೆ ಕಟ್ಟಿದ್ದು 1843ರಲ್ಲಿ. 1875ರಲ್ಲಿ ಆಸ್ಕ್ಯಾ ಜ್ವಾಲಾಮುಖಿ ಸಿಡಿದು ಬೂದಿ ಬಿದ್ದಾಗ ಬಿಟ್ಟು ಹೋಗಿದ್ದರು, ಕೆಲವು ವರ್ಷಕ್ಕೆ ಮತ್ತೆ ಜನ ಬಂದರು. 1943ರಲ್ಲಿ ಪೂರ್ತಿ ಖಾಲಿಯಾಯಿತು. ಈಗಿರುವುದು 1992ರಲ್ಲಿ ಮತ್ತೆ ಎಬ್ಬಿಸಿದ ಮನೆ. ಓಣಿ ಇಲ್ಲ, ಮದುಮಗಳ ಕೋಣೆ ಇಲ್ಲ, ಅತಿಥಿಗಳ ಕೋಣೆ ಇಲ್ಲ. ಕುರಿ, ಮನುಷ್ಯ ಹತ್ತಿರ ಹತ್ತಿರ. ಬೇಸಿಗೆಯಲ್ಲಿ ಪಕ್ಕದ ಹೆಂಟೆ ಮನೆಯಲ್ಲಿ ಕಾಫಿ, ಲುಮ್ಮುರ್ ಎಂಬ ದಪ್ಪನೆಯ ಸಿಹಿ ದೋಸೆ ಕೊಡುತ್ತಾರೆ. ಅದಕ್ಕೆ ಮೊಟ್ಟೆ ಹಾಕಿರುತ್ತಾರೆ, ತಿನ್ನದವರು ಕೇಳಿಕೊಳ್ಳಿ.

ರಾಜಧಾನಿ ಬಿಟ್ಟು ಹೋಗಲಾಗದವರಿಗೆ

ವಿಮಾನ ಬದಲಿಸುವ ನಡುವೆ ಒಂದು ದಿನ ಸಿಕ್ಕಿದೆ, ಇಲ್ಲವೇ ಡಿಸೆಂಬರಿನಲ್ಲಿ ಹೋಗಿದ್ದೀರಿ ಅಂದರೆ ಔರ್‌ಬೈರ್ ಇದೆ. ರೇಕ್ಯಾವಿಕ್ ಊರೊಳಗೇ, ಸಿಟಿ ಬಸ್ಸಿನಲ್ಲಿ ಹೋಗಬಹುದು. 1957ರಲ್ಲಿ ಶುರುವಾದ ಬಯಲು ಮ್ಯೂಸಿಯಂ. ಇಲ್ಲಿನ ಹೆಚ್ಚಿನ ಕಟ್ಟಡಗಳು ಪಟ್ಟಣದಿಂದ ತಂದ ಮರದ, ತಗಡಿನ ಮನೆಗಳು. ಔರ್‌ಬೈರ್ ಎಂಬ ಹಳೆಯ ತೋಟದ ಮನೆ ಮಾತ್ರ ಮೊದಲಿನಿಂದ ಅಲ್ಲೇ ಇದ್ದದ್ದು. ಬೇಸಿಗೆಯಲ್ಲಿ ಕುರಿ, ಕೋಳಿ ಇರುತ್ತವೆ, ಮಕ್ಕಳಿಗೆ ಖುಷಿ. ಆದರೆ ಹುಲ್ಲುಹೆಂಟೆ ಮನೆಗಾಗಿಯೇ ಬಂದವರಿಗೆ ಇದು ಪೂರ್ತಿ ತೃಪ್ತಿ ಕೊಡುವುದಿಲ್ಲ. ಬೇರೆ ದಾರಿ ಇಲ್ಲದಾಗ ಮಾತ್ರ ಆರಿಸಿ.

ಹೋಗುವ ಮುನ್ನ

ಕಾಲ ಬಹಳ ಮುಖ್ಯ. ಸ್ಕೋಗರ್, ಔರ್‌ಬೈರ್ ವರ್ಷವಿಡೀ ತೆರೆದಿರುತ್ತವೆ. ಲೌಫೌಸ್, ಬುಸ್ತಾರ್‌ಫೆಲ್, ಕೆಲ್ದುರ್, ಸೈನೌತಾಸೆಲ್ ಬೇಸಿಗೆಯವು. ಕೆಲ್ದುರ್ ತೆರೆದಿರುವ ಅವಧಿ ಇನ್ನೂ ಚಿಕ್ಕದು. ಗ್ಲೌಮ್‌ಬೈರ್ ಬೇಸಿಗೆಯಲ್ಲಿ ದಿನವೂ ಇರುತ್ತದೆ, ಉಳಿದ ಕಾಲದಲ್ಲಿ ದಿನಾಂಕ, ವೇಳೆ ವರ್ಷ ವರ್ಷ ಬದಲಾಗಬಹುದು, ಹೊರಡುವ ವಾರ ಒಮ್ಮೆ ನೋಡಿಕೊಳ್ಳಿ. ಎಲ್ಲ ಕಡೆ ಸುತ್ತುವ ಆಸೆ ಇದ್ದರೆ ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಹೋಗುವುದೇ ಸರಿ. ಜೂನ್, ಜುಲೈನಲ್ಲಿ ರಾತ್ರಿಯೂ ಪೂರ್ತಿ ಕತ್ತಲಾಗುವುದಿಲ್ಲ. ಡಿಸೆಂಬರಿನಲ್ಲಿ ಬೆಳಕು ನಾಲ್ಕೈದು ಗಂಟೆ ಮಾತ್ರ. ಉತ್ತರಕ್ಕೆ ಕಾರು ಓಡಿಸುವ ಯೋಚನೆ ಆಗ ಬೇಡ.

ಬೇಸಿಗೆ ಅಂದರೂ ನಮಗೆ ಅದು ಚಳಿಯೇ. ಗಾಳಿ ತಡೆಯುವ ಜಾಕೆಟ್ ಬೇಕು. ಕಾರಿನ ಬಾಗಿಲನ್ನು ಕೈ ಹಿಡಿದೇ ತೆರೆಯಿರಿ, ಗಾಳಿಗೆ ಬಾಗಿಲು ತಿರುಚಿಕೊಳ್ಳುವುದು ಅಲ್ಲಿ ಮಾಮೂಲು.

ಮನೆಯೊಳಗೆ ನೆಲ ಏರುಪೇರು, ಹೊಸ್ತಿಲು ಎತ್ತರ, ಬಾಗಿಲು ಗಿಡ್ಡ. ಮೊಣಕಾಲು ನೋವಿರುವ ಹಿರಿಯರಿದ್ದರೆ ಓಣಿಯಲ್ಲಿ ಅವರ ಮುಂದೆ ಒಬ್ಬರು, ಹಿಂದೆ ಒಬ್ಬರು ಇರಿ. ಅಮ್ಮನನ್ನು ನಾನು ಹಾಗೇ ಕರೆದುಕೊಂಡು ಹೋದೆ. ಗಾಲಿಕುರ್ಚಿ ಈ ಓಣಿಗಳಲ್ಲಿ ಕಷ್ಟ. ಅಂಥವರಿಗೆ ಸ್ಕೋಗರ್‌ನ ಒಳಕಟ್ಟಡ ಒಳ್ಳೆಯದು.

ಊಟಕ್ಕೆ ಬುತ್ತಿ ಕಟ್ಟಿಕೊಳ್ಳಿ. ರೈ ಬ್ರೆಡ್ಡು, ಬೆಣ್ಣೆ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಗಟ್ಟಿ ಮೊಸರಿನಂಥ ಸ್ಕಿರ್ ಬಹಳ ರುಚಿ. ಆದರೆ ಅದಕ್ಕೆ ಹೆಪ್ಪಿನ ಜೊತೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುವುದು ಹಳೆಯ ಪದ್ಧತಿ. ಸಸ್ಯಾಹಾರಿಗಳು ಡಬ್ಬಿಯ ಮೇಲಿನ ವಿವರ ಓದಿ ಕೊಳ್ಳಿ.

ಇನ್ನೊಂದು ಕೇಳಿಕೊಳ್ಳುತ್ತೇನೆ. ದಯವಿಟ್ಟು ಸೂರಿನ ಮೇಲೆ ಹತ್ತಬೇಡಿ. ನೆಲದವರೆಗೆ ಇಳಿದ ಹುಲ್ಲು ನೋಡಿದರೆ ಗುಡ್ಡದ ಹಾಗೆ ಕಾಣುತ್ತದೆ, ಫೋಟೋಗೆ ಮಕ್ಕಳನ್ನು ಹತ್ತಿಸುವವರನ್ನು ನೋಡಿದ್ದೇನೆ. ಒಂದು ಹೆಜ್ಜೆಗೆ ಹುಲ್ಲು ಸೀಳಿದರೂ ಮುಂದಿನ ಮಳೆಯ ನೀರು ಅಲ್ಲಿಂದಲೇ ಜಂತಿಗೆ ಇಳಿಯುತ್ತದೆ. ಹೆಂಟೆ ಕತ್ತರಿಸಿ ಜೋಡಿಸಲು ಬಲ್ಲ ಕೈಗಳು ಈಗ ಆ ದೇಶದಲ್ಲೂ ಕಡಿಮೆ.

ಇನ್ನು ಜೋಡಿಯ ಮಾತು. ನಾಲ್ಕೈದು ದಿನ, ದಕ್ಷಿಣ ಮಾತ್ರ ಅಂದರೆ ಕೆಲ್ದುರ್, ಸ್ಕೋಗರ್ ಎರಡೂ ಒಂದೇ ದಿನದಲ್ಲಿ ಆಗುತ್ತವೆ. ಬೆಳಿಗ್ಗೆ ಕೆಲ್ದುರ್, ಮಧ್ಯಾಹ್ನ ಸ್ಕೋಗರ್, ಸಂಜೆ ಜನ ಕಡಿಮೆಯಾದ ಮೇಲೆ ಜಲಪಾತ. ಎಂಟು ಹತ್ತು ದಿನ ದೇಶ ಸುತ್ತುವವರಿಗೆ ಗ್ಲೌಮ್‌ಬೈರ್ ಮತ್ತು ಸೈನೌತಾಸೆಲ್. ರೇಕ್ಯಾವಿಕ್‌ನಿಂದ ಯಾವ ಕಡೆಯಿಂದ ಸುತ್ತು ಶುರುಮಾಡಬೇಕು ಅಂತ ಕೇಳಿದರೆ ಪೂರ್ವದ ಕಡೆಯಿಂದ ಅನ್ನುತ್ತೇನೆ. ಆಗ ಬಯಲಿನ ಬಡ ಮನೆ ಮೊದಲು ಸಿಗುತ್ತದೆ, ಪಾದ್ರಿಯ ಮನೆ ಆಮೇಲೆ. ನಾವು ಹೀಗೇ ಹೋಗಿದ್ದರಿಂದ, ಗ್ಲೌಮ್‌ಬೈರ್‌ನ ಅತಿಥಿಗಳ ಕೋಣೆಯ ಬಾಗಿಲಲ್ಲಿ ನಿಂತಾಗ ಅಮ್ಮ ಗೋಡೆಯ ಮರದ ಹಲಗೆಗಳನ್ನು ಒಂದೊಂದಾಗಿ ಎಣಿಸತೊಡಗಿದರು.